ಲೋಜ್ಬಾನ್ ನಿಘಂಟಿನಲ್ಲಿ ‘ಜ2=ಗ1’ ಅಂದರೆ ಏನು?

ಪ್ರಶ್ನೆ:
ಲೋಜ್ಬಾನ್ ಎಂಬ ಕೃತಕ ಭಾಷೆ ಕಲಿಯುತ್ತಿದ್ದೇನೆ. ಗಿಸ್ಮುಗಳು, ಅಂದರೆ ಮೂಲಪದಗಳು, ನನಗೆ ತಕ್ಕಮಟ್ಟಿಗೆ ಒಗ್ಗಿವೆ. ಪ್ರತಿ ಪದಕ್ಕೂ ಇರುವ ಎಕ್ಸ್1, ಎಕ್ಸ್2 ಎಂಬ ಸಂಖ್ಯೆ ಹಾಕಿದ ಸ್ಥಾನಗಳಲ್ಲಿ ಯಾರು ಕೂರಬೇಕು ಅಂತ ಗೊತ್ತು. ಆದರೆ ಜ್ಬೊವ್ಲಾಸ್ತೆ ನಿಘಂಟಿನಲ್ಲಿ ಲುಜ್ವೊ, ಅಂದರೆ ಜೋಡುಪದ, ತೆರೆದರೆ ಎಷ್ಟೋ ಕಡೆ ಬೇರೆ ಅಕ್ಷರಗಳಿರುತ್ತವೆ, ನಡುವೆ ಸಮ ಚಿಹ್ನೆಯೂ ಇರುತ್ತದೆ. ‘ಗೆರ್ಜ್ದಾ’ ಪದವನ್ನೇ ತೆಗೆದುಕೊಳ್ಳಿ, ನಾಯಿಗೂಡು. ಅದರ ಸ್ಥಾನಗಳು ಜ1, ಜ2=ಗ1. ಗೆರ್ಕು, ಅಂದರೆ ನಾಯಿ, ಅದರ ಎರಡನೇ ಸ್ಥಾನದಲ್ಲಿ ತಳಿ ಇತ್ತಲ್ಲ, ಅದು ಎಲ್ಲಿ ಹೋಯ್ತು?

ಉತ್ತರ 1:
ಅಕ್ಷರ ಮೂಲಪದದ್ದು. ಜ ಅಂದರೆ ಜ್ದಾನಿ, ಗ ಅಂದರೆ ಗೆರ್ಕು. ಅಂಕಿ ಆ ಮೂಲಪದದೊಳಗಿನ ಸ್ಥಾನ.

ಉತ್ತರ 2:
ಸಮ ಚಿಹ್ನೆಯನ್ನು ಮಾತ್ರ ಹಾರಿಸಿ ಓದಬೇಡಿ, ಪದದ ಜೀವ ಅಲ್ಲೇ ಇದೆ. ಜ್ದಾನಿ: ಜ1 ಎಂಬುದು ಜ2ರ ಮನೆ. ಗೆರ್ಕು: ಗ1 ಎಂಬುದು ಗ2 ತಳಿಯ ನಾಯಿ. ಈ ಮನೆಯಲ್ಲಿ ಇರುವುದು ಯಾರು? ನಾಯಿಯೇ. ಹಾಗಾಗಿ ಜ2, ಗ1 ಎರಡೂ ಒಂದೇ, ಒಂದು ಸ್ಥಾನ ಸಾಕು. ಇನ್ನು ತಳಿ. ಯಾವ ನಾಯಿ ಅಂತ ಗೊತ್ತಾದರೆ ತಳಿ ತಾನಾಗಿ ಗೊತ್ತಾಗುತ್ತದೆ, ಅದಕ್ಕೇ ಗ2 ಬಿಟ್ಟಿದ್ದಾರೆ. 1997ರ ಲೋಜ್ಬಾನ್ ವ್ಯಾಕರಣದ 12ನೇ ಅಧ್ಯಾಯದ ಶೀರ್ಷಿಕೆಯಲ್ಲೇ ಈ ನಾಯಿಗೂಡು ಇದೆ. ಅದನ್ನು ನಿಧಾನವಾಗಿ ಓದಿ.

ನನಗೆ ಜಾಸ್ತಿ ಇಷ್ಟ ‘ಗಸ್ನು’ ಸೇರಿ ಆಗುವ ಪದಗಳು. ಗಸ್ನುವಿನಲ್ಲಿ ಗ1 ಮಾಡಿಸುವವನು, ಗ2 ಆಗುವ ಘಟನೆ. ದ್ಜುನೊ ಅಂದರೆ ದ1ಗೆ ದ3ರ ಬಗ್ಗೆ ದ2 ಸಂಗತಿ ಗೊತ್ತು, ದ4 ಆಧಾರದಿಂದ. ಎರಡೂ ಸೇರಿ ‘ಜುನ್ಗೌ’, ಅಂದರೆ ತಿಳಿಸು. ಇಲ್ಲಿ ಸಮ ಚಿಹ್ನೆ ಬರುವುದಿಲ್ಲ. ದ್ಜುನೊವಿನ ಇಡೀ ಸಂಬಂಧವೇ ಗ2 ಆಗಿಬಿಡುತ್ತದೆ. ಆ ಸ್ಥಾನ ಒಡೆದು ಒಳಗಿನವರೆಲ್ಲ ಹೊರಗೆ ಬರುತ್ತಾರೆ: ಗ1, ದ1, ದ2, ದ3, ದ4. ನಮ್ಮ ‘ಇಸು’ ಮಾಡುವುದೂ ಇದನ್ನೇ ಅಲ್ವಾ? ‘ತಿಳಿ’ಗೆ ತಿಳಿಯುವವನು, ವಿಷಯ ಇದ್ದರೆ ಸಾಕು. ‘ತಿಳಿಸು’ ಅಂದ ಕೂಡಲೇ ತಿಳಿಸುವವನು ಮುಂದೆ ಬಂದು ನಿಲ್ಲುತ್ತಾನೆ.

ಪ್ರಶ್ನೆ ಕೇಳಿದವರು:
ಈಗ ಅರ್ಥವಾಯಿತು. ಎರಡು ಮೂಲಪದಗಳೂ ಒಂದೇ ರೋಮನ್ ಅಕ್ಷರದಿಂದ ಶುರುವಾದರೆ? ಮತ್ತೆ, ಕೊನೆಯ ಮೂಲಪದದ ಸ್ಥಾನಗಳೇ ಯಾವಾಗಲೂ ಮೊದಲು ಬರುತ್ತವಾ?

ಉತ್ತರ 2:
ಆಗ ಎರಡೆರಡು ಅಕ್ಷರ ಬರೆಯುತ್ತಾರೆ. ಶಾಲ್ಕು ಅಂದರೆ ಚಿಪ್ಪು, ಶಿಂಕಿ ಅಂದರೆ ಕೀಟ, ‘ಶಾಕ್ಶಿಂಕಿ’ ಅಂದರೆ ಜೀರುಂಡೆ. ಅಲ್ಲಿ ಶಾ2=ಶಿ1: ಚಿಪ್ಪಿನೊಳಗೆ ಇರುವುದೇ ಕೀಟ.

ಕ್ರಮ ಸಾಮಾನ್ಯವಾಗಿ ನೀವು ಹೇಳಿದ ಹಾಗೇ. ಹೋಲಿಕೆಯ ಪದಗಳಲ್ಲಿ ಬದಲಾಗುತ್ತದೆ. ‘ಖಗ್ಮೌ’, ಅಂದರೆ ಇನ್ನೂ ಒಳ್ಳೆಯದು, ಖಮ್ಗು (ಒಳ್ಳೆಯದು) ಮತ್ತು ಜ್ಮಾದು (ಹೆಚ್ಚಿನದು) ಸೇರಿ ಆದದ್ದು. ಅದರ ಕ್ರಮ ಖ1=ಜ1, ಜ2, ಖ2, ಖ3, ಜ4. ಯಾವುದು, ಯಾವುದಕ್ಕಿಂತ, ಯಾರಿಗೆ, ಯಾವ ಅಳತೆಗೋಲಿನಲ್ಲಿ, ಎಷ್ಟು. ಯಾವ ಗುಣದಲ್ಲಿ ಹೆಚ್ಚು ಎನ್ನುವ ಜ3 ಬಿದ್ದುಹೋಗಿದೆ. ಒಳ್ಳೆಯತನದಲ್ಲಿ ಅಂತ ಪದವೇ ಹೇಳಿಬಿಟ್ಟಿದೆ.

ಇನ್ನೊಂದು ಮಾತು, ನಿಘಂಟಿಗೆ ಹೊಸ ಪದ ಸೇರಿಸುವ ಎಲ್ಲರಿಗೂ. ಸುಮ್ನೆ ಎಕ್ಸ್1, ಎಕ್ಸ್2 ಅಂತ ಬರೆದು ಬಿಡಬೇಡಿ. ಅಕ್ಷರ, ಸಮ ಚಿಹ್ನೆ ಎರಡನ್ನೂ ಹಾಕಿ. ಯಾವ ಸ್ಥಾನ ಎಲ್ಲಿಂದ ಬಂತು, ಯಾವುದನ್ನು ಬಿಟ್ಟಿರಿ ಅಂತ ಕಲಿಯುವವರಿಗೆ ಕಾಣಬೇಕು.