ಗಾಟಾ1 ತಡೆದರೆ ಬಿಳಿ ರಕ್ತಕಣ ಎಲ್ಲಿಂದ ಬರುತ್ತದೆ?

ಪ್ರಶ್ನೆ: ಮೇಡಂ, ಜೀಬ್ರಾ ಮೀನಿನ ಪಾಠದಲ್ಲಿ ಒಂದು ಕಡೆ ತಲೆ ಓಡುತ್ತಿಲ್ಲ. ಕೆಂಪು ರಕ್ತಕಣಕ್ಕೆ ಗಾಟಾ1 ಜೀನ್ ಬೇಕು. ಅದನ್ನು ತಡೆದರೆ ಕೆಂಪು ಕಣ ಇರುವುದಿಲ್ಲ, ಅಷ್ಟೇ ತಾನೇ? ಆದರೆ ಭ್ರೂಣದ ಅದೇ ಜಾಗದಲ್ಲಿ ಬಿಳಿ ರಕ್ತಕಣ ಕಾಣಿಸುತ್ತದೆ ಅಂತ ಬರೆದಿದ್ದಾರೆ. ಹೇಗೆ?

ಉತ್ತರ: ಬೇರೆ ಕಡೆಯಿಂದ ಬಂದದ್ದಲ್ಲ. ಕೆಂಪು ಕಣ ಆಗಬೇಕಿದ್ದ ಕೋಶಗಳೇ ದಾರಿ ಬದಲಿಸಿವೆ. ಗಾಟಾ1 ಎರಡು ಕೆಲಸ ಮಾಡುತ್ತದೆ. ಹಿಮೋಗ್ಲೋಬಿನ್ ಮುಂತಾದ ಕೆಂಪು ಕಣದ ಜೀನ್‌ಗಳನ್ನು ಎಬ್ಬಿಸುತ್ತದೆ, ಜೊತೆಗೆ ಬಿಳಿ ಕಣದ ಕಡೆ ಎಳೆಯುವ ಪಿಯು.1 ಎಂಬ ಇನ್ನೊಂದು ಜೀನ್ ಅನ್ನು ಅದುಮಿಡುತ್ತದೆ. ಪಿಯು.1 ಕೂಡ ಸುಮ್ನೆ ಕೂರುವುದಿಲ್ಲ, ಅದು ಗಾಟಾ1 ಅನ್ನು ಅದುಮುತ್ತದೆ. ಈ ಎರಡು ಜೀನ್‌ಗಳಿಂದ ತಯಾರಾಗುವ ಪ್ರೋಟೀನ್‌ಗಳು ನೇರವಾಗಿ ಒಂದಕ್ಕೊಂದು ಅಂಟಿಕೊಂಡೇ ಒಂದರ ಕೆಲಸ ಇನ್ನೊಂದು ಕೆಡಿಸಬಲ್ಲವು. 2005ರಲ್ಲಿ ಮೀನಿನ ಭ್ರೂಣದಲ್ಲಿ ಎರಡೂ ಕಡೆಯಿಂದ ಪರೀಕ್ಷೆ ಮಾಡಿದರು: ಗಾಟಾ1 ತಡೆದರೆ ಬಿಳಿ ಕಣ, ಪಿಯು.1 ತಡೆದರೆ ಬಿಳಿ ಕಣ ಆಗಬೇಕಿದ್ದವು ಕೆಂಪು. ಅಂದರೆ ಆ ಹಂತದಲ್ಲಿ ಕೋಶದ ಹಣೆಬರಹ ಇನ್ನೂ ಗಟ್ಟಿಯಾಗಿರುವುದಿಲ್ಲ.

ಇನ್ನೊಬ್ಬರು: ಕೆಂಪು ಕಣವೇ ಇಲ್ಲದೆ ಮರಿ ಬದುಕುತ್ತದಾ?

ಉತ್ತರ: ಕೆಲವು ದಿನ ಆರಾಮಾಗಿ. ಅಷ್ಟು ಚಿಕ್ಕ ಮೈಗೆ ನೀರಿನಲ್ಲಿರುವ ಆಮ್ಲಜನಕ ಚರ್ಮದಿಂದಲೇ ಒಳಗೆ ಸೇರುತ್ತದೆ. ಇಲಿಯಲ್ಲಾದರೆ ಗರ್ಭದಲ್ಲೇ ಸಾಯುವ ಭ್ರೂಣ ಇಲ್ಲಿ ಗಾಜಿನಂತೆ ಪಾರದರ್ಶಕವಾಗಿ ಕಣ್ಣೆದುರೇ ಈಜುತ್ತಿರುತ್ತದೆ, ಈ ಮೀನನ್ನು ನಾವು ಇಷ್ಟಪಡುವುದೇ ಅದಕ್ಕೆ. ರಕ್ತದ ದೋಷವಿರುವ ಎಷ್ಟೋ ತಳಿಗಳಿಗೆ ವೈನ್‌ಗಳ ಹೆಸರಿಟ್ಟಿದ್ದಾರೆ! ವೈಸ್‌ಹರ್ಬ್ಸ್ಟ್ ಅನ್ನುವ ತಳಿಯಿಂದಲೇ 2000ದಲ್ಲಿ ಕಬ್ಬಿಣವನ್ನು ಕೋಶದಿಂದ ಹೊರಗೆ ಸಾಗಿಸುವ ಫೆರೋಪೋರ್ಟಿನ್ ಸಿಕ್ಕಿತು. ಕ್ಲೋಶ್ ತಳಿಯಲ್ಲಂತೂ ರಕ್ತವೂ ಇಲ್ಲ, ರಕ್ತನಾಳದ ಒಳಪದರದ ಕೋಶಗಳೂ ಬಹುತೇಕ ಇಲ್ಲ. ಅದು ಗೊತ್ತಾದದ್ದು 1995ರಲ್ಲಿ. ಕಾರಣವಾದ ಜೀನ್ ಎನ್‌ಪಾಸ್4ಎಲ್ ಅಂತ ತಿಳಿದದ್ದು 2016ರಲ್ಲಿ, ಏಕೆಂದರೆ ಅದು ಕ್ರೋಮೋಸೋಮಿನ ತುದಿಯಲ್ಲಿದ್ದು ಹುಡುಕುವುದು ಕಷ್ಟವಾಗಿತ್ತು.

ಪ್ರಶ್ನೆ ಕೇಳಿದವರು: ಹಾಗಾದರೆ ರಕ್ತಕ್ಕೆ ಬೇಕಾದ ಇನ್ನೊಂದು ಜೀನ್ ರಂಕ್ಸ್1 ತೆಗೆದರೂ ರಕ್ತ ಇರಬಾರದು ಅಲ್ವಾ? ಆದರೆ ಒಂದು ದಿನದ ಭ್ರೂಣದ ಚಿತ್ರದಲ್ಲಿ ರಕ್ತ ಹರಿಯುತ್ತಿದೆ.

ಉತ್ತರ: ಎಲ್ಲರೂ ಎಡವುವ ಜಾಗ ಇದು. ರಕ್ತ ಎರಡು ಅಲೆಗಳಲ್ಲಿ ಹುಟ್ಟುತ್ತದೆ. ಮೊದಲನೆಯದಕ್ಕೆ ರಂಕ್ಸ್1 ಅಷ್ಟಾಗಿ ಬೇಕಿಲ್ಲ, ನೀವು ನೋಡಿದ್ದು ಆ ರಕ್ತ. ಜೀವನಪೂರ್ತಿ ರಕ್ತ ಕೊಡುವ ಕಾಂಡಕೋಶಗಳು ಆಮೇಲೆ, ಎರಡನೇ ದಿನ, ಮಹಾಪಧಮನಿಯ ಕೆಳಗೋಡೆಯಿಂದ ಹುಟ್ಟುತ್ತವೆ. ನಾಳದ ಗೋಡೆಯಾಗಿದ್ದ ಕೋಶವೇ ಬಾಗಿ, ಕಿತ್ತುಕೊಂಡು, ರಕ್ತದ ಕೋಶವಾಗಿ ಹೊರಡುವುದನ್ನು 2010ರಲ್ಲಿ ಜೀವಂತ ಭ್ರೂಣದಲ್ಲೇ ಚಿತ್ರೀಕರಿಸಿದರು. ಅದಕ್ಕೆ ಅಕ್ಕಪಕ್ಕದ ಕೋಶಗಳ ನಡುವೆ ಸಾಗುವ ನಾಚ್ ಸಂಕೇತ ಬೇಕು, ಅದರ ಹಿಂದೆಯೇ ರಂಕ್ಸ್1 ಬೇಕು. ಅಲ್ಲಿಂದ ಅವು ಬಾಲಕ್ಕೆ, ಕೆಲವು ಬಗೆಯ ಬಿಳಿ ಕಣ ಬೆಳೆಯುವ ಥೈಮಸ್ ಗ್ರಂಥಿಗೆ, ಕೊನೆಗೆ ಮೂತ್ರಪಿಂಡಕ್ಕೆ ಹೋಗುತ್ತವೆ. ನಮ್ಮ ಮೂಳೆಮಜ್ಜೆ ಮಾಡುವ ಕೆಲಸ ಮೀನಿನಲ್ಲಿ ಮೂತ್ರಪಿಂಡದ್ದು.

ಹಾಗಾಗಿ ಒಂದೇ ದಿನದ ಚಿತ್ರ ನೋಡಿ ತೀರ್ಮಾನ ಮಾಡಬೇಡಿ. ಎರಡನೇ ದಿನ ಮಹಾಪಧಮನಿಯಲ್ಲಿ ಕಾಂಡಕೋಶದ ಗುರುತಾದ ಸಿ-ಮಿಬ್ ಜೀನ್, ನಾಲ್ಕು-ಐದನೇ ದಿನ ಥೈಮಸ್‌ನಲ್ಲಿ ಬೆಳೆಯುತ್ತಿರುವ ಬಿಳಿ ಕಣದ ಗುರುತಾದ ರ್ಯಾಗ್1 ಜೀನ್ ಕೆಲಸ ಮಾಡುತ್ತಿದೆಯಾ ನೋಡಿ. ರಂಕ್ಸ್1 ಇಲ್ಲದ ಮರಿಗಳಲ್ಲಿ ಎರಡೂ ಖಾಲಿ ಖಾಲಿ. ಆದರೂ ಅಂಥ ಮರಿಗಳಲ್ಲಿ ಕೆಲವು ಉಳಿದು, ದೊಡ್ಡದಾಗುವ ಹೊತ್ತಿಗೆ ಮತ್ತೆ ರಕ್ತ ಮಾಡಿಕೊಳ್ಳುತ್ತವೆ. ನಿಮ್ಮ ಮುಂದಿನ ಪ್ರಶ್ನೆ ಅದೇ ಇರಬೇಕು, ಕೇಳಿ.