‘ಮಿಸ್‌ರೀಡಿಂಗ್’ಗೆ ಕನ್ನಡ ಪದ: ಇವತ್ತೇ ಬೇಕಿತ್ತು

ಪಿಯು ಮಕ್ಕಳಿಗಾಗಿ ಜೀವಶಾಸ್ತ್ರದ ಪೋಸ್ಟರ್ ಒಂದನ್ನು ಕನ್ನಡಕ್ಕೆ ತರುತ್ತಿದ್ದೇನೆ, ಬೆಳಗ್ಗೆ ಪ್ರೆಸ್ಸಿಗೆ ಹೋಗಬೇಕು. ಸ್ಟ್ರೆಪ್ಟೊಮೈಸಿನ್ ಎಂಬ ಔಷಧಿ ಬ್ಯಾಕ್ಟೀರಿಯಾದ ರೈಬೋಸೋಮಿಗೆ (ಪ್ರೋಟೀನ್ ಕಟ್ಟುವ ಯಂತ್ರಕ್ಕೆ) ಅಂಟಿಕೊಂಡರೆ ಯುಯುಯು ಎಂಬ ಕೋಡಾನಿಗೆ (ಆರ್‌ಎನ್‌ಎಯ ಮೂರಕ್ಷರದ ಗುಂಪಿಗೆ) ಫಿನೈಲಲನೀನ್ ಎಂಬ ಅಮೈನೊ ಆಮ್ಲ ಬರಬೇಕಾದ ಕಡೆ ಐಸೊಲ್ಯೂಸಿನ್ ಎಂಬ ಇನ್ನೊಂದು ಬಂದು ಕೂರುತ್ತದೆ. 1964ರಲ್ಲೇ ತೋರಿಸಿದ ಸಂಗತಿ. ಈ ‘ಮಿಸ್‌ರೀಡಿಂಗ್’ಗೆ ‘ಅಪವಾಚನ’ ಅಂದಿದ್ದೆ, ಸಂಪಾದಕರು ಹೊಡೆದುಹಾಕಿದರು. ‘ಫಿಡೆಲಿಟಿ’ಗೂ (ರೈಬೋಸೋಮು ಎಷ್ಟು ತಪ್ಪಿಲ್ಲದೆ ಓದುತ್ತದೆ ಎಂಬುದಕ್ಕೆ) ಒಂದು ಪದ ಕೊಡಿ.

ಉತ್ತರ 1:
ಹೊಡೆದದ್ದು ಸರಿ. ವಾಚನ ಅಂದರೆ ಗಮಕಿಗಳದ್ದು. ‘ತಪ್ಪೋದು’ ಎಂದು ಹಾಕಿ. ಫಿಡೆಲಿಟಿಗೆ ‘ನಿಷ್ಠೆ’ ಮಾತ್ರ ಬೇಡ, ರೈಬೋಸೋಮು ಯಾವ ಪಕ್ಷಕ್ಕೂ ಸೇರಿಲ್ಲ. ‘ನಿಖರತೆ’ ಸಾಕು.

ಉತ್ತರ 2:
‘ತಪ್ಪೋದು’ ಸುತರಾಂ ಆಗದು. ‘ಬಸ್ಸು ತಪ್ಪೋದು ಗ್ಯಾರಂಟಿ’ ಅನ್ನುತ್ತೇವಲ್ಲ, ಮಕ್ಕಳು ಹಾಗೇ ಓದುತ್ತಾರೆ. ಕಣ್ತಪ್ಪು, ಬಾಯ್ತಪ್ಪು ಇರುವಾಗ ‘ಓದುತಪ್ಪು’ ಯಾಕಾಗಬಾರದು?

ಉತ್ತರ 3:
ಪದಕ್ಕಿಂತ ಮೊದಲು ವಿಷಯ ನೋಡಿ. ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್ ಪ್ರೋಟೀನ್ ಕಟ್ಟುವುದನ್ನೇ ತಡೆಯುತ್ತವೆ. ಸ್ಟ್ರೆಪ್ಟೊಮೈಸಿನ್, ಪ್ಯಾರೊಮೊಮೈಸಿನ್ ಬಗೆಯವು ಕೆಲಸ ನಡೆಯಲು ಬಿಟ್ಟೇ ಕೆಡಿಸಬಲ್ಲವು. ಹಾಗಾಗಿ ಪೋಸ್ಟರಿನ ತಲೆಬರಹದಲ್ಲಿ ‘ತಡೆ’ ಎಂದಷ್ಟೇ ಬರೆದರೆ ಅರ್ಧ ಸುಳ್ಳು. ಇನ್ನು ‘ಓದು’: ರೈಬೋಸೋಮಿನ ಭಾಗವೇ ಆದ 16ಎಸ್ ಎಂಬ ಆರ್‌ಎನ್‌ಎಯಲ್ಲಿ 1492, 1493ನೇ ಜಾಗದ ಅಕ್ಷರಗಳಾದ ಎರಡು ಅಡೆನಿನ್‌ಗಳಿವೆ. ಅಮೈನೊ ಆಮ್ಲ ಹೊತ್ತು ತರುವ ಸರಿಯಾದ ಟಿಆರ್‌ಎನ್‌ಎ ಬಂದು ಕೂತಾಗ ಇವು ಹೊರಕ್ಕೆ ಮಗುಚಿ, ಕೋಡಾನಿನೊಡನೆ ಜೋಡಿ ಹೊಂದಿದೆಯೇ ಎಂದು ತಡವಿ ನೋಡುತ್ತವೆ. ಪ್ಯಾರೊಮೊಮೈಸಿನ್ ಸೇರಿಕೊಂಡರೆ ಮೊದಲೇ ಮಗುಚಿಕೊಂಡು ನಿಂತಿರುತ್ತವೆ. ಅರೆಬರೆ ಹೊಂದುವ ಟಿಆರ್‌ಎನ್‌ಎಯೂ ಪಾಸು. ವಿಜ್ಞಾನಿ ವೆಂಕಿ ರಾಮಕೃಷ್ಣನ್ ತಂಡ 2000ದಲ್ಲಿ ಹರಳಿನ ರಚನೆಯಿಂದ ಕಂಡುಕೊಂಡದ್ದು ಇದು. ಕೆಡುವುದು ತಪಾಸಣೆ. ಓದಲ್ಲ.

ಉತ್ತರ 2:
ಹಾಗಾದರೆ ಇಂಗ್ಲಿಷಿನವರೂ ‘ರೀಡಿಂಗ್’ ಅನ್ನಬಾರದಿತ್ತು. ಅವರಿಗಿಲ್ಲದ ಮಡಿ ನಮಗೇಕೆ?

ಉತ್ತರ 4:
ಎಲ್ಲರೂ ‘ಆಂಟಿಬಯಾಟಿಕ್’ ಎಂದೇ ಬರೆಯುತ್ತಿದ್ದೀರಿ. ‘ಪ್ರತಿಜೈವಿಕ’ ಎಂಬ ಪದ ಇದೆ.

ಉತ್ತರ 1:
ಇಲ್ಲಿ ಈವರೆಗೆ ಆ ಪದ ಬರೆದವರು ನೀವೊಬ್ಬರೇ. ಇರಲಿ, ಮೆಡಿಕಲ್ ಶಾಪಿನಲ್ಲಿ ‘ಪ್ರತಿಜೈವಿಕ’ ಕೇಳಿ ನೋಡಿ.

ಉತ್ತರ 4:
ಅಂಗಡಿಯವನು ನಿಘಂಟು ಬರೆಯುವುದಿಲ್ಲ.

ಉತ್ತರ 2:
ಸಂಸ್ಕೃತದಿಂದ ತಂದರೆ ಸ್ವಂತದ್ದು, ಇಂಗ್ಲಿಷಿನಿಂದ ತಂದರೆ ಸಾಲ. ಈ ಲೆಕ್ಕ ಬರೆದವರಾರು? ‘ಪ್ರತಿ’ಯೂ ‘ಜೈವಿಕ’ವೂ ನಮ್ಮ ಹಿತ್ತಲಲ್ಲಿ ಬೆಳೆದದ್ದಲ್ಲ.

ಪ್ರಶ್ನೆ ಕೇಳಿದವರು:
‘ಓದುತಪ್ಪು’, ‘ನಿಖರತೆ’ ಹಾಕಿದೆ. ತಲೆಬರಹ ‘ತಡೆಯೂ ಹೌದು, ಕೆಡಿಸುವುದೂ ಹೌದು’ ಎಂದಾಗಿದೆ. ಆಂಟಿಬಯಾಟಿಕ್ ಹಾಗೇ ಇರುತ್ತದೆ. ಪ್ರೆಸ್ಸಿಗೆ ಕಳಿಸಿಯಾಯಿತು.

ಉತ್ತರ 4:
ಕೋಡಾನಿಗೂ ಕನ್ನಡ ಇತ್ತು. ಕೇಳಲಿಲ್ಲ ನೀವು.