ಐದು ಡಿಪಾರ್ಟ್‌ಮೆಂಟಿನ ಹುಡುಗ್ರು, ಒಂದು ಹಳ್ಳ: ಪ್ರಾಜೆಕ್ಟ್ ಕೂಡಿಸೋದು ಹೆಂಗ?

ಧಾರವಾಡದಕಿ ಪುಣೆ:

ನಮಸ್ಕಾರ ಎಲ್ಲಾರಿಗೂ. ನಾ ಪುಣೆದಾಗ ಒಂದು ಕಾಲೇಜಿನ್ಯಾಗ ಸ್ಟ್ಯಾಟಿಸ್ಟಿಕ್ಸ್ ಕಲಸ್ತೀನಿ. ಹೋದ ವರ್ಷದಿಂದ ನಮ್ಮಲ್ಲೆ ಬ್ಯಾರೆ ಬ್ಯಾರೆ ಡಿಪಾರ್ಟ್‌ಮೆಂಟಿನ ಹುಡುಗ್ರನ್ನ ಕೂಡಿಸಿ ಒಂದು ರಿಸರ್ಚ್ ಪ್ರಾಜೆಕ್ಟ್ ಕೋರ್ಸ್ ಶುರು ಮಾಡ್ಯಾರ, 4 ಕ್ರೆಡಿಟ್, ಒಂದು ಟೀಮಿಗೆ ಒಬ್ರ ಗೈಡ್. ನನಗ ಸಿಕ್ಕವ್ರು ಐದು ಮಂದಿ: ಹಿಸ್ಟರಿ, ಜಾಗ್ರಫಿ, ಕೆಮಿಸ್ಟ್ರಿ, ಎಕನಾಮಿಕ್ಸ್, ಕಂಪ್ಯೂಟರ್ ಸೈನ್ಸ್. ವಿಷಯ ಅವರ ಆರಿಸಿದ್ರು, ಅಂಬಿಲ್ ಓಢಾ. ಪುಣೆದಾಗ ಇದ್ದವ್ರಿಗೆ ಗೊತ್ತಿರ್ತದ, ಕಾತ್ರಜ್ ಗುಡ್ಡದಿಂದ ಇಳದು ಸಹಕಾರನಗರ, ಪರ್ವತಿ, ದಾಂಡೇಕರ್ ಪೂಲ್ ಕಡೆ ಹಾದು ಮುಠಾ ನದಿಗೆ ಕೂಡೋ ಹಳ್ಳ ಅದು. 2019ರ ಸೆಪ್ಟೆಂಬರ್ 25ರ ರಾತ್ರಿ ಈ ಹಳ್ಳ ಉಕ್ಕಿ ಬಂದು ದಂಡಿ ಮ್ಯಾಲಿನ ಮನಿ, ಗೋಡಿ, ಗಾಡಿ ಎಲ್ಲಾ ಹೊಡಕೊಂಡು ಹೋತು, ಮಂದಿನೂ ಸತ್ರು. ಹಿಂಗಾಗಿ ವಿಷಯ ಕೇಳಿ ನನಗ ಭಾಳ ಖುಷಿ ಆಗಿತ್ತು, ಹುಡುಗ್ರು ತಮ್ಮ ಊರಿನ ನೋವನ್ನ ಹಿಡದು ಕೆಲಸ ಮಾಡ್ತೀವಿ ಅಂತಾರ ಅಂತ.

ಕಡೀಕ ಬಂದ ರಿಪೋರ್ಟ್ ನೋಡಿ ಮಾತ್ರ ಎದಿ ಧಸಕ್ಕಂತು. ಹಿಸ್ಟರಿ ಹುಡುಗಿ ನಾನಾಸಾಹೇಬ್ ಪೇಶ್ವೆ ಕಾಲದಾಗ ಈ ಹಳ್ಳದ ದಾರಿ ತಿರುಗಿಸಿದ್ದು, ಪರ್ವತಿ ಬುಡಕ್ಕ ಕೆರಿ ಆಗಿದ್ದು, ಆ ಕೆರಿ ಜಾಗಾನ ಈಗಿನ ಸಾರಸ್‌ಬಾಗ್ ಅಂತ ಚಂದಾಗಿ ಬರದಾಳ. ಜಾಗ್ರಫಿಯವ ಬಣ್ಣ ಬಣ್ಣದ ಮ್ಯಾಪ್ ಹಾಕ್ಯಾನ. ಕೆಮಿಸ್ಟ್ರಿ ಹುಡುಗ ಫೆಬ್ರವರಿಯೊಳಗ ನೀರು ತಂದು ಬಿಓಡಿ (ನೀರಿನ್ಯಾಗಿನ ಹೊಲಸು ಕೊಳೀಲಿಕ್ಕೆ ಎಷ್ಟು ಆಕ್ಸಿಜನ್ ಬೇಕು ಅನ್ನೋ ಲೆಕ್ಕ), ಡಿಸಾಲ್ವ್ಡ್ ಆಕ್ಸಿಜನ್ (ನೀರಿನ್ಯಾಗ ಕರಗಿದ ಆಕ್ಸಿಜನ್) ಅಳದಾನ. ಎಕನಾಮಿಕ್ಸ್‌ನಾಕಿ ಗೂಗಲ್ ಫಾರ್ಮ್ ಕಳಸಿ ನಷ್ಟದ ಲೆಕ್ಕ ತಗದಾಳ. ಕಂಪ್ಯೂಟರ್ ಹುಡುಗ ಎಲ್ಲಾನೂ ಜೋಡಿಸಿ ಪಿಪಿಟಿ ಮಾಡ್ಯಾನ. ಐದೂ ಚಾಪ್ಟರ್ ಒಂದೊಂದಾಗಿ ನೋಡಿದ್ರ ತಪ್ಪಿಲ್ಲ, ಆದ್ರ ನಡುವಿನ ಯಾವ ಚಾಪ್ಟರ್ ಕಿತ್ತು ತಗದ್ರೂ ಉಳಿದಿದ್ದಕ್ಕ ಏನೂ ಆಗೂದಿಲ್ಲ. ಒಬ್ಬರದು ಇನ್ನೊಬ್ರು ಓದೇ ಇಲ್ಲ.

ಇನ್ನೊಂದು ಮಾತು ಮನಸಿನ್ಯಾಗ ಕುಂತದ. ಹಳ್ಳದ ದಂಡಿ ಮ್ಯಾಲಿನ ಓಣಿಗೆ ಒಮ್ಮೆ ನಾನೂ ಜೋಡಿ ಹೋಗಿದ್ದೆ. ಒಬ್ಬಾಕಿ ಹೆಣಮಗಳು, ಅರವತ್ತು ಆಗಿರಬೇಕು, ಹುಡುಗ್ರ ಪ್ರಶ್ನಿಗೆಲ್ಲಾ ಉತ್ತರ ಕೊಟ್ಟು ಕಡೀಕ ಮರಾಠಿಯೊಳಗ ಕೇಳಿದ್ಲು, "ಎಲ್ಲಾರೂ ಬಂದು ಬರಕೊಂಡು ಹೋಗ್ತೀರಿ, ತಿರುಗಿ ಯಾರೂ ಬರೂದಿಲ್ಲಲ್ಲ?" ನಮ್ಮ ಹತ್ರ ಉತ್ತರ ಇರಲಿಲ್ಲ.

ಈ ಜೂನಿನಿಂದ ಹೊಸ ಟೀಮ್ ಬರ್ತದ, ಅದ ಹಳ್ಳ ಮುಂದುವರಸೋಣ ಅಂತ ನನ್ನ ಆಸೆ. ಹೆಂಗ ಮಾಡಿದ್ರ ಐದೂ ಮಂದಿ ಒಂದ ಪ್ರಶ್ನಿ ಮ್ಯಾಲೆ ದುಡೀತಾರ? ಮಾರ್ಕ್ಸ್ ಹೆಂಗ ಕೊಡ್ತೀರಿ? ನನಗ ಕೆಮಿಸ್ಟ್ರಿನೂ ಬರೂದಿಲ್ಲ, ಪೇಶ್ವೆ ಕಾಲದ ಮರಾಠಿ ಕಾಗದದಾಗಿನ ಮೋಡಿ ಲಿಪಿನೂ ಬರೂದಿಲ್ಲ, ನಾ ಹೆಂಗ ಗೈಡ್ ಮಾಡ್ಲಿ? ಅನುಭವ ಇದ್ದವ್ರು ದಯವಿಟ್ಟು ಹೇಳ್ರಿ.

ಮಾಟುಂಗಾ ಮೇಷ್ಟ್ರು:

ಮೇಡಂ, ನಾನು ಉಡುಪಿ ಕಡೆಯವ, ಮುಂಬೈಯಲ್ಲಿ ಜಾಗ್ರಫಿ ಪಾಠ ಮಾಡಿ ಈಗ ರಿಟೈರ್ ಆಗಿದ್ದೇನೆ, ಇಂಥ ಟೀಮುಗಳನ್ನ ಏಳೆಂಟು ಸಲ ನಡೆಸಿದ್ದೇನೆ. ನೀವು ಹೇಳಿದ ರಿಪೋರ್ಟು ನನ್ನ ಮೊದಲ ಮೂರು ಟೀಮುಗಳದ್ದೂ ಹೌದು. ರೋಗ ಇರೋದು ಕೊನೆಯಲ್ಲಲ್ಲ, ಮೊದಲ ವಾರದಲ್ಲಿ. ಮೊದಲ ಮೀಟಿಂಗಲ್ಲೇ "ನೀನು ಹಿಸ್ಟರಿ ಮಾಡು, ನೀನು ವಾಟರ್ ಟೆಸ್ಟ್ ಮಾಡು" ಅಂತ ಹಂಚಿಕೊಂಡುಬಿಡ್ತಾರೆ, ಆಮೇಲೆ ಸೇರಿಸೋಕೆ ಏನೂ ಉಳಿದಿರೋದಿಲ್ಲ. ನಾನು ಆಮೇಲಾಮೇಲೆ ಮೂರು ವಾರ ಹಂಚಲಿಕ್ಕೇ ಬಿಡ್ತಿರಲಿಲ್ಲ. ಆ ಮೂರು ವಾರ ಎಲ್ಲರೂ ಒಟ್ಟಿಗೆ ನಡೆಯಬೇಕು, ಒಂದೇ ನೋಟ್‌ಬುಕ್ಕು, ದಿನಕ್ಕೊಬ್ಬರು ಬರೆಯಬೇಕು.

ನಿಮ್ಮ ಹಳ್ಳದ್ದೇ ತಗೊಳ್ಳಿ. "ಅಂಬಿಲ್ ಓಢಾ" ಅನ್ನೋದು ವಿಷಯ, ಪ್ರಶ್ನೆ ಅಲ್ಲ. ಪ್ರಶ್ನೆ ಅಂದ್ರೆ ಹೀಗೆ: ಆ ರಾತ್ರಿ ಗೋಡೆ ಬಿದ್ದ ಜಾಗಗಳು ಹಳ್ಳದ ಹಳೇ ದಾರಿಯ ಮೇಲೇ ಇದ್ದವಾ? ಇದಕ್ಕೆ ಹಿಸ್ಟರಿ ಹುಡುಗಿ ಹಳೇ ನಕ್ಷೆ ಹುಡುಕಲೇಬೇಕು, ಜಾಗ್ರಫಿಯವ ಅದನ್ನ ಇವತ್ತಿನ ಎತ್ತರ ತಗ್ಗಿನ ಮೇಲೆ ಕೂರಿಸಲೇಬೇಕು, ಎಕನಾಮಿಕ್ಸ್‌ನವಳು ಮನೆ ಮನೆಗೆ ಹೋಗಿ ನೀರು ಯಾವ ಕಡೆಯಿಂದ ನುಗ್ಗಿತು ಅಂತ ಕೇಳಲೇಬೇಕು. ಒಬ್ಬ ಕೈಕೊಟ್ಟರೆ ಉಳಿದವರ ಕೆಲಸ ನಿಲ್ಲತ್ತೆ, ಅಂಥ ಪ್ರಶ್ನೆ ಬೇಕು. ಕೆಮಿಸ್ಟ್ರಿ ಹುಡುಗನಿಗೂ ಜಾಗ ಇದೆ. ಫೆಬ್ರವರಿಯ ಬಿಓಡಿ 2019ರ ನೆರೆ ಬಗ್ಗೆ ಏನೂ ಹೇಳೋದಿಲ್ಲ ನಿಜ, ಆದರೆ ಹಳ್ಳದ ಉದ್ದಕ್ಕೂ ನಾಲ್ಕೈದು ಕಡೆ ನೀರು ತೆಗೆದರೆ ಎಲ್ಲಿಂದ ಕೊಳಚೆ ಸೇರ್ತಾ ಇದೆ ಅಂತ ಗೊತ್ತಾಗ್ತದೆ, ಅಂದ್ರೆ ಹಳ್ಳ ಎಲ್ಲಿಂದ ಗಟಾರ ಆಯ್ತು ಅಂತ. ಮರಾಠಿಯಲ್ಲಿ ಓಢಾ ಅಂದ್ರೆ ನಮ್ಮ ಹಳ್ಳ, ತೊರೆ. ನಾಲಾ ಅಂದ್ರೆ ಜನರ ಬಾಯಲ್ಲಿ ಚರಂಡಿಯೂ ಹೌದು. ಯಾವ ಕಾಗದದಲ್ಲಿ ಓಢಾ ಅಂತಿದೆ, ಯಾವುದರಲ್ಲಿ ನಾಲಾ ಅಂತಿದೆ, ಇದನ್ನ ಹಿಸ್ಟರಿಯವಳು ನೋಡಿದ್ರೆ ಕೆಮಿಸ್ಟ್ರಿಯವನ ನಂಬರಿಗೆ ಅರ್ಥ ಬರ್ತದೆ. ಇಲ್ಲಿ ಮುಂಬೈಯಲ್ಲಿ ಮೀಠಿ ನದಿಯನ್ನೂ ಜನ ನಾಲಾ ಅಂತಲೇ ನೋಡ್ತಾ ಇದ್ರು, 2005ರ ನೆರೆ ಬರೋ ತನಕ.

ಮಳೆ ಲೆಕ್ಕದ ಬಗ್ಗೆ ಒಂದು ಎಚ್ಚರಿಕೆ, ನೀವು ಸ್ಟ್ಯಾಟಿಸ್ಟಿಕ್ಸ್‌ನವರಾದ್ದರಿಂದ ಬೇಗ ಹಿಡೀತೀರಿ. ಹುಡುಗರು ಹವಾಮಾನ ಇಲಾಖೆಯ ಗ್ರಿಡ್ ಡೇಟಾ (ನಕ್ಷೆಯನ್ನ ಚೌಕ ಚೌಕ ಮಾಡಿ ಒಂದೊಂದಕ್ಕೂ ಒಂದೊಂದು ಮಳೆ ಲೆಕ್ಕ ಕೊಡೋದು) ಇಳಿಸ್ಕೊಂಡು ಬರ್ತಾರೆ, 1901ರಿಂದ ದಿನ ದಿನದ್ದು ಸಿಗ್ತದೆ, ಒಳ್ಳೇ ಡೇಟಾ. ಆದ್ರೆ ಅದರ ಒಂದು ಚೌಕ 0.25 ಡಿಗ್ರಿ, ಹೆಚ್ಚುಕಮ್ಮಿ 25 ಕಿಲೋಮೀಟರಿಗಿಂತ ಜಾಸ್ತಿ ಉದ್ದ. ಒಂದೆರಡು ಚೌಕದಲ್ಲಿ ಇಡೀ ಪುಣೆ ಮುಗೀತದೆ. ಕಾತ್ರಜ್‌ನಲ್ಲಿ ಎಷ್ಟು ಸುರೀತು ಅಂತ ಅದರಿಂದ ಹೇಳೋಕಾಗಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ, ಅದೇ ದಿನ ಅದೇ ಊರಿನ ಕೊಲಾಬಾದಲ್ಲಿ 75 ಕೂಡ ಇಲ್ಲ. ಎರಡರ ಸರಾಸರಿ ತೆಗೆದವನಿಗೆ ಆ ದಿನ ಏನಾಯ್ತು ಅಂತಲೇ ಗೊತ್ತಾಗೋದಿಲ್ಲ. ಇದನ್ನ ಹುಡುಗರ ಮುಂದೆ ಬೋರ್ಡ್ ಮೇಲೆ ಬರೆದು ತೋರಿಸಿ, ಡೇಟಾ ಅನ್ನೋದು ಎಲ್ಲಿ ನಿಂತು ಅಳೆದದ್ದು ಅಂತ ಕೇಳೋ ಅಭ್ಯಾಸ ಐದೂ ಸಬ್ಜೆಕ್ಟಿನವರಿಗೂ ಬರ್ತದೆ.

ಗಂಟೆ ಲೆಕ್ಕಾನೂ ಮೊದಲ ದಿನ ಹೇಳಿಬಿಡಿ. ಯುಜಿಸಿಯವರು 2022ರ ಡಿಸೆಂಬರ್‌ನಲ್ಲಿ ಕೊಟ್ಟ ಚೌಕಟ್ಟಿನ ಪ್ರಕಾರ ಇಂಥ ಕೆಲಸಕ್ಕೆ ಒಂದು ಕ್ರೆಡಿಟ್ ಅಂದ್ರೆ ಸೆಮಿಸ್ಟರಿಗೆ 30 ಗಂಟೆ. ನಿಮ್ಮದು 4 ಕ್ರೆಡಿಟ್, 120 ಗಂಟೆ, 15 ವಾರಕ್ಕೆ ಭಾಗಿಸಿದ್ರೆ ವಾರಕ್ಕೆ 8 ಗಂಟೆ. ಹುಡುಗರು ಇದನ್ನ ಕೊನೇ ಎರಡು ವಾರದ ಕೆಲಸ ಅಂದ್ಕೊಂಡಿರ್ತಾರೆ.

ಪಿಂಪ್ರಿ ಹುಡುಗಿ:

ಮ್ಯಾಡಂ ನಾನು ಟೀಚರ್ ಅಲ್ಲ, ಎರಡು ವರ್ಷದ ಹಿಂದೆ ಇಂಥದೇ ಒಂದು ಕೋರ್ಸ್ ಮುಗಿಸಿ ಈಗ ಜಾಬ್ ಮಾಡ್ತಿದೀನಿ, ಸ್ಟೂಡೆಂಟ್ ಕಡೆಯಿಂದ ಹೇಳಬೇಕು ಅನ್ನಿಸ್ತು ಅದಕ್ಕೆ ಬರೀತಿದೀನಿ. ನಿಮ್ಮ ಪೋಸ್ಟಲ್ಲಿ "ಕಂಪ್ಯೂಟರ್ ಹುಡುಗ ಎಲ್ಲಾ ಜೋಡಿಸಿ ಪಿಪಿಟಿ ಮಾಡಿದ" ಅನ್ನೋ ಲೈನ್ ಓದಿ ನನಗೆ ಬೇಜಾರಾಯ್ತು, ಯಾಕಂದ್ರೆ ನಮ್ಮ ಟೀಮಲ್ಲಿ ಆ ಹುಡುಗ ನಾನು. ನಾಲ್ಕು ಜನ ಫೀಲ್ಡಿಗೆ ಹೋಗ್ತಿದ್ರು, ನನಗೆ ರಾತ್ರಿ ವಾಟ್ಸಾಪಲ್ಲಿ ಫೋಟೋ ಕಳಿಸ್ತಿದ್ರು, ನಾನು ಟೈಪ್ ಮಾಡಿ ಎಕ್ಸೆಲ್ ತುಂಬಿಸ್ತಿದ್ದೆ. ಫಾರ್ಮಲ್ಲಿ "ಇಲ್ಲ" ಅಂತ ಬರೆದಿದ್ದು "ನೀರು ಬರಲಿಲ್ಲ" ಅಂತಾನಾ ಅಥವಾ "ಉತ್ತರ ಕೊಡಲಿಲ್ಲ" ಅಂತಾನಾ ಅಂತ ನಾನು ಕೇಳಿದ್ರೆ, ಏನಾದ್ರೂ ಹಾಕು ಅಂದ್ರು. ಗೈಡ್ ಹತ್ರ ಹೇಳ್ಕೊಳ್ಳೋಕೆ ಧೈರ್ಯ ಬರಲಿಲ್ಲ, ಅವರೂ ಕೇಳಲಿಲ್ಲ. ವೈವಾದಲ್ಲಿ ನನಗೆ ಕೇಳಿದ್ದು ಒಂದೇ ಪ್ರಶ್ನೆ, ಯಾವ ಸಾಫ್ಟ್‌ವೇರ್ ಯೂಸ್ ಮಾಡಿದ್ರಿ ಅಂತ. ಆ ದಿನ ಮನೆಗೆ ಬಂದು ಅತ್ತಿದ್ದೆ, ಅಮ್ಮನಿಗೆ ಮಾರ್ಕ್ಸ್ ಚೆನ್ನಾಗಿ ಬಂದಿದೆಯಲ್ಲ ಮತ್ಯಾಕೆ ಅಳ್ತೀಯ ಅಂತ ಅರ್ಥ ಆಗಲಿಲ್ಲ.

ಹಂಗಾಗಿ ನನ್ನ ರಿಕ್ವೆಸ್ಟ್ ಎರಡೇ. ಒಂದು, ಡೇಟಾ ತುಂಬಿಸೋರು ಒಂದು ದಿನಾನಾದ್ರೂ ಫೀಲ್ಡಿಗೆ ಹೋಗಲೇಬೇಕು, ಫೀಲ್ಡಿಗೆ ಹೋಗೋರು ತಮ್ಮ ಡೇಟಾ ತಾವೇ ತುಂಬಿಸಬೇಕು. ಎರಡು, ವೈವಾದಲ್ಲಿ ಒಬ್ಬರ ಭಾಗ ಇನ್ನೊಬ್ಬರ ಕೈಯಲ್ಲಿ ಹೇಳಿಸಿ. ಕೆಮಿಸ್ಟ್ರಿಯವನು ಹಳೇ ನಕ್ಷೆ ಬಗ್ಗೆ ಹೇಳಲಿ, ಹಿಸ್ಟರಿಯವಳು ಬಿಓಡಿ ಜಾಸ್ತಿ ಆದ್ರೆ ಏನರ್ಥ ಅಂತ ಹೇಳಲಿ, ಯಾರು ಹೇಳಬೇಕು ಅಂತ ಆ ದಿನಾನೇ ಚೀಟಿ ಎತ್ತಿ ಡಿಸೈಡ್ ಮಾಡಿ. ಹಿಂಗೆ ಇದೆ ಅಂತ ಮೊದಲೇ ಗೊತ್ತಿದ್ರೆ ಸೆಮಿಸ್ಟರ್ ಪೂರ್ತಿ ಒಬ್ಬರನ್ನೊಬ್ಬರು ಕೇಳ್ಕೊಂಡು ಕಲೀತಾರೆ.

ಮಾಂಡವಿ ದಂಡೆ:

ನಾನು ಕುಮಟಾದವನು, ಗೋವಾದಲ್ಲಿ ಬಾಟನಿ ಪಾಠ ಮಾಡ್ತೇನೆ. ಗೊತ್ತಿಲ್ಲದ ಸಬ್ಜೆಕ್ಟನ್ನ ಗೈಡ್ ಮಾಡೋದು ಹೇಗೆ ಅಂತ ಕೇಳಿದ್ರಲ್ಲ ಮೇಡಂ, ಅದಕ್ಕೆ ನನ್ನ ಟೀಮಿನ ಕಥೆ ಹೇಳ್ತೇನೆ. ನಮ್ಮದು ಖಾಜನ್ ಗದ್ದೆ. ಹೊಳೆಯ ಉಪ್ಪುನೀರು ಬರೋ ಜಾಗಕ್ಕೆ ಏರಿ ಕಟ್ಟಿ ಭತ್ತ ಬೆಳೀತಾರೆ, ನಮ್ಮ ಕಡೆ ಗಜನಿ ಅಂತೀವಲ್ಲ ಅದೇ. ಏರಿಯಲ್ಲಿ ಮಾನಸ್ ಅಂತ ಮರದ ಬಾಗಿಲು ಇರ್ತದೆ, ಭರತ, ಅಂದ್ರೆ ಉಬ್ಬರ, ಬಂದಾಗ ನೀರಿನ ಒತ್ತಡಕ್ಕೆ ತಾನೇ ಮುಚ್ಚಿಕೊಳ್ತದೆ, ಇಳಿತದಲ್ಲಿ ತಾನೇ ತೆರೆದು ಗದ್ದೆ ನೀರು ಹೊರಗೆ ಬಿಡ್ತದೆ. ನಮ್ಮ ಹುಡುಗರ ಪ್ರಶ್ನೆ, ಬಾಗಿಲು ಹಾಳಾದ ಗದ್ದೆಯಲ್ಲಿ ಉಪ್ಪು ಎಷ್ಟು ಏರಿದೆ ಮತ್ತು ಬಾಗಿಲು ಯಾಕೆ ರಿಪೇರಿ ಆಗ್ತಾ ಇಲ್ಲ.

ಒಂದು ವಾರದ ಉಪ್ಪಿನ ಅಳತೆ ಇನ್ನೊಂದು ವಾರದ್ದಕ್ಕೆ ತಾಳೇ ಆಗ್ತಿರಲಿಲ್ಲ. ಮೀಟರ್ ಕೆಟ್ಟಿದೆ ಅಂತ ಕೆಮಿಸ್ಟ್ರಿ ಹುಡುಗ, ಗದ್ದೆ ತಪ್ಪಾಗಿ ಗುರುತು ಮಾಡಿದಾನೆ ಅಂತ ಜಾಗ್ರಫಿಯವನ ಮೇಲೆ ಜಗಳ. ನನಗೂ ಹೊಳೀಲಿಲ್ಲ. ಬಿಡಿಸಿದ್ದು ಯಾರು ಅಂದ್ರೆ ಸೋಷಿಯಾಲಜಿ ಹುಡುಗಿ. ಅವಳು ಬಾಗಿಲು ನೋಡ್ಕೊಳ್ಳೋ ಅಜ್ಜನ ಹತ್ರ ಮಾತಾಡಿ ಬರೆದಿಟ್ಟ ನೋಟ್ಸಲ್ಲಿ ಇತ್ತು, ಅವ್ರು ಗಡಿಯಾರ ನೋಡಿ ಅಲ್ಲ ತಿಥಿ ನೋಡಿ ಗದ್ದೆಗೆ ಹೋಗ್ತಾರೆ ಅಂತ. ನಮ್ಮವರು ಪ್ರತಿ ಶನಿವಾರ ಬೆಳಿಗ್ಗೆ 10ಕ್ಕೆ ಅಳೀತಾ ಇದ್ರು, ಭರತ ದಿನಾ ಸುಮಾರು 50 ನಿಮಿಷ ಮುಂದೆ ಹೋಗ್ತದೆ, ಅಮಾಸೆ ಹುಣ್ಣಿಮೆಗೆ ಜಾಸ್ತಿ ಏರ್ತದೆ, ಅಂದ್ರೆ ಒಂದು ಶನಿವಾರ ಉಬ್ಬರದಲ್ಲಿ ಅಳೆದ್ರು, ಮತ್ತೊಂದು ಶನಿವಾರ ಇಳಿತದಲ್ಲಿ. ಆಮೇಲೆ ಟೈಡ್ ಟೇಬಲ್ ನೋಡಿ ಎಲ್ಲಾ ಮತ್ತೆ ಅಳೆದ್ವಿ, ಎರಡು ತಿಂಗಳ ಕೆಲಸ ಹೋಯ್ತು, ಆದ್ರೆ ಆ ದಿನದಿಂದ ಕೆಮಿಸ್ಟ್ರಿ ಹುಡುಗ ಸಂದರ್ಶನದ ನೋಟ್ಸ್ ಓದದೆ ಬಾಟಲಿ ಮುಟ್ತಿರಲಿಲ್ಲ.

ನನ್ನ ಪಾಲಿಗೆ ಗೈಡ್ ಕೆಲಸ ಅಂದ್ರೆ ಅದೇ ಆಗಿತ್ತು, ಪ್ರತಿ ವಾರ ಒಂದು ಗಂಟೆ ಕೂರಿಸಿ ಒಬ್ಬರ ನೋಟ್ಸ್ ಇನ್ನೊಬ್ಬರಿಂದ ಓದಿಸೋದು, ನನಗೆ ಅರ್ಥ ಆಗದ್ದನ್ನ ಅಲ್ಲೇ ನಿಲ್ಲಿಸಿ ಕೇಳೋದು. ಸಬ್ಜೆಕ್ಟಿನ ಖಚಿತ ಉತ್ತರ ಬೇಕಾದಾಗ ಆ ಡಿಪಾರ್ಟ್‌ಮೆಂಟಿನವರ ಹತ್ರ ಹುಡುಗರನ್ನೇ ಕಳಿಸ್ತಿದ್ದೆ, ಆದ್ರೆ ಇಬ್ಬಿಬ್ಬರನ್ನ, ಆ ಸಬ್ಜೆಕ್ಟಿನವ ಒಬ್ಬ, ಬೇರೆ ಸಬ್ಜೆಕ್ಟಿನವ ಒಬ್ಬ. ಮೋಡಿ ಲಿಪಿ ಓದೋರು ಪುಣೆಯಲ್ಲಿ ಸಿಗ್ತಾರೆ, ಕಲಿಸೋ ಕ್ಲಾಸುಗಳೂ ಇವೆ, ಅದಕ್ಕೆ ಹೆದರಬೇಡಿ.

ಧಾರವಾಡದಕಿ ಪುಣೆ:

ಎಲ್ಲಾರಿಗೂ ಮನಸಾರೆ ನಮಸ್ಕಾರ. ಪಿಂಪ್ರಿ ತಂಗಿ, ನೀ ಬರದದ್ದು ಓದಿ ನಮ್ಮ ಕಂಪ್ಯೂಟರ್ ಹುಡುಗಗ ಇವತ್ತ ಫೋನ್ ಮಾಡಿದ್ದೆ. ಫಾರ್ಮಿನ್ಯಾಗ ನೀರಿನ ಎತ್ತರ ಕೆಲವ್ರು ಫೂಟಿನ್ಯಾಗ, ಕೆಲವ್ರು "ಸೊಂಟದ ಮಟ", "ಖಿಡಕಿ ಮಟ" ಅಂತ ಬರದಿದ್ರಂತ, ಅವ ಎಲ್ಲಾನೂ ತನಗ ತಿಳಿದಂಗ ಫೂಟಿಗೆ ತಿರುಗಿಸ್ಯಾನ, ಯಾರಿಗೂ ಹೇಳಿಲ್ಲ, ನಾನೂ ಕೇಳಿಲ್ಲ. ಸ್ಟ್ಯಾಟಿಸ್ಟಿಕ್ಸ್ ಕಲಸೋ ನಾನ ಆ ಕಾಲಮ್‌ದ ಮ್ಯಾಲೆ ಸರಾಸರಿ ತಗದು ಸಹಿ ಮಾಡೀನಿ. ಅದನ್ನ ಸರಿ ಮಾಡೋದು ನನ್ನ ಕೆಲಸ. ಹೊಸ ಟೀಮಿಗೆ ಮೊದಲನೇ ಕೆಲಸ ಇದನ್ನ ಕೊಡ್ತೀನಿ: ಖಿಡಕಿ ಮಟ ಅಂದವ್ರ ಮನಿಗೆ ಟೇಪ್ ಹಿಡಕೊಂಡು ಹೋಗಿ ಆ ಖಿಡಕಿ ಅಳೀಬೇಕು, ಐದೂ ಮಂದಿ ಕೂಡೇ.

ಮೇಷ್ಟ್ರ, ಓಣಿಯೊಳಗ ಆ ಹೆಣಮಗಳು ಕೇಳಿದ ಮಾತಿಗೆ ಏನು ಮಾಡ್ಲಿ ಅಂತ ಇನ್ನೂ ಗೊತ್ತಾಗವಲ್ದು.

ಮಾಟುಂಗಾ ಮೇಷ್ಟ್ರು:

ಮೇಡಂ, ಹೊಸ ಟೀಮ್ ಬರೋ ತನಕ ಕಾಯಬೇಡಿ. ಹಳೇ ರಿಪೋರ್ಟಲ್ಲಿ ಅವರ ಓಣಿಗೆ ಸಂಬಂಧಪಟ್ಟದ್ದು ಎರಡೇ ಪುಟ ಮರಾಠಿಯಲ್ಲಿ ಬರೆಸಿ, ಮ್ಯಾಪ್ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಆ ಹಳೇ ಐದು ಮಕ್ಕಳನ್ನ ಕರ್ಕೊಂಡು ಹೋಗಿ ಅವರ ಮುಂದೆ ಹರಡಿ. ತಪ್ಪಿದ್ದರೆ ಅವರೇ ತೋರಿಸ್ತಾರೆ, ಅದನ್ನ ಪೆನ್ನಲ್ಲಿ ಅಲ್ಲೇ ತಿದ್ದಿ. ಆ ನೀರಲ್ಲಿ ಮನೆಯವರನ್ನ ಕಳ್ಕೊಂಡೋರು ಇರ್ತಾರೆ, ಹಾಗಾಗಿ ಆ ರಾತ್ರಿ ಬಗ್ಗೆ ನೀವಾಗಿ ಕೇಳಬೇಡಿ, ಅವರಾಗಿ ಹೇಳಿದ್ರೆ ಕೂತು ಕೇಳಿ, ಬರ್ಕೊಳ್ಳೋ ಮೊದಲು ಒಪ್ಪಿಗೆ ಕೇಳಿ. ಇದಕ್ಕೆ ಮಾರ್ಕ್ಸ್ ಇಡಬೇಡಿ.

ಧಾರವಾಡದಕಿ ಪುಣೆ:

ಆತ್ರಿ ಮೇಷ್ಟ್ರ. ಮೂರು ಮಂದಿ ಬರ್ತೀವಿ ಅಂದಾರ, ಇಬ್ಬರದು ಪರೀಕ್ಷಾ ಅದ. ಈ ಐತವಾರ ಮುಂಜಾನೆ ಹೋಗ್ತೀವಿ, ಮ್ಯಾಪ್ ಪ್ರಿಂಟಿಗೆ ಕೊಟ್ಟು ಬಂದೀನಿ.